ನನ್ನ ಕೈಗೆ ಸಿಕ್ಕ ವೈಡ್ ಆಂಗಲ್ ಲೆನ್ಸ್

ಹೊಸ ಸಾಮಾನು ನನ್ನ ಕೈಗೆ ಬಂದರೆ ಏನಾದರೊಂದು ಎಡವಟ್ಟು ಆಗದೆ ಇರುವುದಿಲ್ಲ. ಎಂಬತ್ತರ ದಶಕದಲ್ಲಿ ಯಶವಂತಪುರದ ಕಾರ್ಖಾನೆಯೊಂದರಲ್ಲಿದ್ದೆ. ಭಾನುವಾರ ಮಾತ್ರ ಫೋಟೋಗ್ರಾಫರ್. ನಮ್ಮ ಕ್ಯಾಮೆರಾ ಕ್ಲಬ್ಬಿಗೆ ಯಾರೋ ಸಿಂಗಪುರದಿಂದ ಅತಿ ಅಗಲ ನೋಟದ ಜೂಮ್ ಲೆನ್ಸ್ ತಂದರು. "ನಮ್ಮಂಥ ಹವ್ಯಾಸಿಗಳಿಗೆ ಇದು ಬೇಕೋ ಬೇಡ್ವೋ, ಒಂದು ತಿಂಗಳು ನೋಡಿ ವರದಿ ಕೊಡಿ" ಎಂದರು ಕಾರ್ಯದರ್ಶಿ. ಮನೆಯಲ್ಲಿ ಹೆಂಡತಿ, "ಅದರಲ್ಲೇ ನನ್ನ ತಂಗಿ ಫೋಟೋನೂ ತೆಗೀರಿ. ಹೋದ್ಸಲ ನೀವು ತೆಗೆದಿದ್ದು ನೋಡಿ ಗಂಡಿನ ಕಡೆಯೋರು ಕಾಗದಾನೇ ಬರೀಲಿಲ್ಲ" ಎಂದಳು. ನನಗೆ ನಿಜಕ್ಕೂ ಭಯವಾಯಿತು.

ಕೆರೆ

ಮೊದಲು ಪುಟ್ಟೇನಹಳ್ಳಿ ಕೆರೆಗೆ ಹೋದೆ. ಜೂಮ್ ತಿರುಗಿಸುವ ಗೋಜಿಗೇ ಹೋಗದೆ ಪೂರ್ತಿ ಅಗಲಕ್ಕಿಟ್ಟು ಒಂದು ರೋಲ್ ಮುಗಿಸಿದೆ. ಪ್ರಿಂಟ್‌ನಲ್ಲಿ ಕೊಕ್ಕರೆಗಳು ಸಾಸಿವೆ ಕಾಳಿನಷ್ಟು. ಕೆಳಗೆ ನನ್ನ ಎರಡೂ ಚಪ್ಪಲಿಗಳು ಢಾಳಾಗಿ ಬಂದಿದ್ದವು. ಹೆಂಡತಿ ನೋಡಿ, "ಎಡಗಾಲಿಂದು ಉಂಗುಷ್ಠ ಕಿತ್ತಿದೆ, ಹೊಲಿಸ್ಕೊಳ್ಳಿ" ಎಂದಳು.

ಬೀಳ್ಕೊಡುಗೆ

ನಮ್ಮ ಮ್ಯಾನೇಜರರ ನಿವೃತ್ತಿಯ ಗ್ರೂಪ್ ಫೋಟೋ. ಪದ್ಧತಿಯಂತೆ ಹಾರ ಹಾಕಿಕೊಂಡ ಮ್ಯಾನೇಜರ್ ನಡುವಿನ ಕುರ್ಚಿಯಲ್ಲಿ. ಹುದ್ದೆ ಇಳಿದಂತೆಲ್ಲ ಜನ ಅಂಚಿಗೆ. ಈ ಲೆನ್ಸು ನಡುವಿನವರನ್ನು ಕುಗ್ಗಿಸಿ ಅಂಚಿನವರನ್ನು ಹಿಗ್ಗಿಸುತ್ತದೆ ಎಂದು ನನಗೆ ಗೊತ್ತಾದದ್ದು ಪ್ರಿಂಟ್ ಬಂದ ಮೇಲೆ. ತುದಿಯಲ್ಲಿದ್ದ ಕ್ಯಾಂಟೀನ್ ಸಪ್ಲೈಯರ್ ಇಬ್ಬರಷ್ಟು ಅಗಲವಾಗಿದ್ದ. ಮ್ಯಾನೇಜರ್ ಕನ್ನಡಕ ಏರಿಸಿ, "ಏನ್ರೀ, ರಿಟೈರ್ ಆಗಿದ್ದು ನಾನೋ ಅವನೋ?" ಎಂದರು.

ನಾದಿನಿ

ಅಷ್ಟರಲ್ಲಿ ಸ್ವಲ್ಪ ಬುದ್ಧಿ ಬಂದಿತ್ತು. ಗಂಗಾನಗರದ ನಮ್ಮ ಬಾಡಿಗೆ ಮನೆಯ ಹತ್ತಡಿ ಹಾಲ್‌ನಲ್ಲಿ ನಾದಿನಿಯನ್ನು ಸರಿಯಾಗಿ ನಡುವೆ ಕೂರಿಸಿ ತೆಗೆದೆ. ಮುಖ ಚೆನ್ನಾಗಿಯೇ ಬಂತು. 'ಇಕ್ಕಟ್ಟಾದ ಮನೆಗಳಿಗೆ ಹೇಳಿ ಮಾಡಿಸಿದ ಲೆನ್ಸ್' ಎಂದು ವರದಿಯನ್ನೂ ಕೊಟ್ಟುಬಿಟ್ಟೆ.

ಆ ಫೋಟೋ ಕಳಿಸಿದ ಮೇಲೆ ತುಮಕೂರಿನ ಇನ್ನೊಂದು ಗಂಡಿನ ಕಡೆಯವರು "ಭಾನುವಾರ ಎಲ್ಲರೂ ಬರುತ್ತೇವೆ" ಎಂದು ಬರೆದರು. ಎಲ್ಲರೂ ಅಂದರೆ ಒಂದು ವ್ಯಾನ್ ತುಂಬ ಜನ! ಹಾಲ್ ತುಂಬಿತು, ಅಡುಗೆಮನೆ ತುಂಬಿತು, ಉಳಿದವರು ಮೆಟ್ಟಿಲ ಮೇಲೆ ಕೂತು ಉಪ್ಪಿಟ್ಟು ತಿಂದರು. ಹುಡುಗನ ಅಜ್ಜಿ ಚೀಲದಿಂದ ಫೋಟೋ ತೆಗೆದು, ಸುತ್ತಲ ಗೋಡೆ ನೋಡಿ, "ಇಲ್ಲೆಷ್ಟೊತ್ತಪ್ಪ ಕೂರೋದು? ನಡೀರಿ, ಹಾಲ್‌ಗೆ ಹೋಗಾನ" ಎಂದರು.

ಈ ಸಂಬಂಧವೂ ಹೋಯಿತು ಎಂದುಕೊಂಡೇ, "ಇದೇ ಹಾಲ್, ಅಜ್ಜಿ. ಲೆನ್ಸಿಂದ ದೊಡ್ಡದಾಗಿ ಕಂಡಿದೆ" ಎಂದು ಒಪ್ಪಿಕೊಂಡೆ.

ಅಜ್ಜಿ ನಾದಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋಟೋವನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ಹುಡುಗಿ ಫೋಟೋಗಿಂತ ಲಕ್ಷಣವಾಗವ್ಳೆ. ನಮ್ಗೆ ಒಪ್ಗೆ. ಆದ್ರೆ ಮದ್ವೆ ಫೋಟೋ ಮಾತ್ರ ನೀನು ತೆಗೀಬೇಡಪ್ಪ."

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಆಗ್ಲಿ ಅಜ್ಜಿ" ಎಂದು ಕೈಮುಗಿದಳು.