ದೊಡ್ಡಮ್ಮ ನುಂಗಿದ ‘ನ್’

ನಮ್ಮ ದೊಡ್ಡಮ್ಮ ಆಯುಸ್ಸಿನ ಅರ್ಧ ಭಾಗ ಪ್ರಾರ್ಥನೆಯಲ್ಲೇ ಕಳೆದಳು. ಆದರೆ ಒಂದನ್ನೂ ಹೊತ್ತಿಗೆ ಸರಿಯಾಗಿ ಮುಗಿಸಲಿಲ್ಲ! ಚಿಂತಾಮಣಿಯ ನಮ್ಮ ಚರ್ಚಿನಲ್ಲಿ ಎಲ್ಲರೂ ‘ಆಮೆನ್’ ಅಂದರೆ, ಅಮ್ಮನ ಅಕ್ಕನಾದ ಈ ಮಹಾತಾಯಿ ‘ಆಮೆ’ ಅಂದು ಟಪ್ಪನೆ ಬಾಯಿ ಮುಚ್ಚುತ್ತಿದ್ದಳು. ‘ನ್’ ಒಳಗೇ! ಮಕ್ಕಳಾದ ನಾವು ಅವಳಿಗೆ ಆಮೆ ದೊಡ್ಡಮ್ಮ ಅಂತಲೇ ಹೆಸರಿಟ್ಟಿದ್ದೆವು. ನಡಿಗೆಯೂ ಹಾಗೇ ಇತ್ತು, ಬಿಡಿ.

ಕಾರಣ ಕೇಳಿದರೆ ಮಾತ್ರ ನಗು ಬರುವುದಿಲ್ಲ. ದೊಡ್ಡಪ್ಪ ಜ್ವರದಲ್ಲಿ ಮಲಗಿದ್ದಾಗ ಪಾದ್ರಿಗಳು ಬಂದರು, ಪ್ರಾರ್ಥಿಸಿದರು, ‘ಆಮೆನ್’ ಅಂದು ಕೊಡೆ ಎತ್ತಿಕೊಂಡು ಹೊರಟರು. ಅವರು ಬೀದಿ ದಾಟುವ ಮೊದಲೇ ದೊಡ್ಡಪ್ಪನ ಉಸಿರು ನಿಂತಿತು.

“ಆಮೆನ್ ಅಂದ್ರೇನರ್ಥ? ಕೆಲ್ಸ ಮುಗೀತು, ಇನ್ ಹೊರಡಿ ಅಂತ ತಾನೇ? ಸ್ವಾಮಿ ಎದ್ದು ಹೋಗ್ಬಿಟ್ರು ಕಣೇ,” ಅನ್ನುತ್ತಿದ್ದಳು. ಅಂದಿನಿಂದ ಕೆಲಸವಾಗುವ ತನಕ ಯೇಸುಸ್ವಾಮಿಯನ್ನು ಏಳಲು ಬಿಡಲಿಲ್ಲ.

ಊಟದ ಪ್ರಾರ್ಥನೆಗೂ ಇದೇ ಗತಿ. ಆಮೆನ್ ಅನ್ನದೆ ತುತ್ತು ಮುರಿಯಬಾರದು ಎಂದು ಕಲಿತ ನಾವು ಕೈ ಜೋಡಿಸಿ ಕೂತಿರುತ್ತಿದ್ದೆವು, ಮುದ್ದೆ ಆರಿ ಕಲ್ಲಾಗುತ್ತಿತ್ತು.

“ಊಟಕ್ಕಾದ್ರೂ ಮುಗ್ಸು ದೊಡ್ಡಮ್ಮಾ!”

“ತಿನ್ರೇ ಸುಮ್ನೆ. ಅರಗೋವರ್ಗೂ ಇರ್ಲಿ, ಏನವಸರ?”

ಮನೆಯಲ್ಲಿ ಅವಳು ರೇಷ್ಮೆ ಹುಳು ಸಾಕುತ್ತಿದ್ದಳು. ಹುಳುಗಳ ಮೇಲೆ ಕೈ ಚಾಚಿ ‘ಆಮೆ’ ಅಂದಳೆಂದರೆ, ಅವು ಗೂಡು ಕಟ್ಟಿ, ಆ ಗೂಡು ಶಿಡ್ಲಘಟ್ಟದಲ್ಲಿ ಮಾರಾಟವಾಗುವ ತನಕ ಪ್ರಾರ್ಥನೆ ಬಾಕಿ. ಮಾರಾಟವಾದ ಮೇಲೆ ಎಲ್ಲಿ ನೆನಪಾಯಿತೋ ಅಲ್ಲೇ ‘ನ್!’ ಒಮ್ಮೆ ವಾಪಸ್ಸು ಬರುವ ಬಸ್ಸಿನಲ್ಲಿ ಹಾಗೆ ಅಂದುಬಿಟ್ಟಳು. ಕಂಡಕ್ಟರ್ ಬೆಚ್ಚಿಬಿದ್ದ.

“ಏನಮ್ಮಾ, ಇಲ್ಲೇ ಇಳೀತೀರಾ?”

“ನಿಂಗಲ್ಲಪ್ಪ, ಸ್ವಾಮಿಗೆ ಹೇಳ್ದೆ. ಅವ್ರಿನ್ನು ಇಳೀಬೋದು.”

ಅವಳ ಒಬ್ಬನೇ ಮಗ, ನಮ್ಮಣ್ಣ, ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ. ಚೀನಾ ಯುದ್ಧವಾದ ಮೇಲೆ ಕಾಗದ ಬಂತು. ಓದಿದ್ದು ನಾನೇ. ಸತ್ತನೆಂದೂ ಇಲ್ಲ, ಬದುಕಿದ್ದಾನೆಂದೂ ಇಲ್ಲ. ಕಾಣೆಯಾಗಿದ್ದಾನೆ, ಅಷ್ಟೇ. ದೊಡ್ಡಮ್ಮ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿಯ ಪಕ್ಕದಲ್ಲೇ ಮಂಡಿಯೂರಿ ಮಗನ ಹೆಸರು ಹೇಳಿದಳು, ‘ಆಮೆ’ ಅಂದಳು. ಮನೆಮಂದಿಯೆಲ್ಲ ಆ ‘ನ್’ಗೆ ಕಾದೆವು. ಅವಳು ಕೆಮ್ಮಿದರೂ ಓಡಿ ಬರುತ್ತಿದ್ದೆವು! ತಿಂಗಳುಗಳು ಕಳೆದಂತೆ ದೇವರ ಜೊತೆ ತೆಲುಗಿನಲ್ಲಿ ಜಗಳಕ್ಕಿಳಿದಳು. “ಏಮಯ್ಯಾ, ವಿನಪಡಲೇದಾ?” ಕೇಳಿಸಲಿಲ್ಲವೇನಯ್ಯಾ ಅಂತ ದೇವರನ್ನು ಗದರಿಸುವವರುಂಟೇ?

ಮೂರು ವರ್ಷವಾದ ಮೇಲೆ ಪಾದ್ರಿಗಳು ಬಂದು, “ಅಮ್ಮಾ, ಮಗನ ಹೆಸರಲ್ಲಿ ಒಂದು ಕೊನೇ ಪ್ರಾರ್ಥನೆ ಮಾಡಿ ಮುಗಿಸೋಣ,” ಅಂದರು.

“ಮುಗಿಸೋದ್ರಲ್ಲಿ ನೀವು ಗಟ್ಟಿಗರು ಅಯ್ಯನವ್ರೇ. ನಮ್ಮೆಜಮಾನ್ರನ್ನ ಮುಗಿಸಿದ್ದೇ ಸಾಕು.”

ಪಾಪ, ಅವರು ಕಾಫಿಯನ್ನೂ ಕುಡಿಯದೆ ಹೋದರು. ನನಗೆ ತಡೆಯಲಾಗಲಿಲ್ಲ.

“ದೊಡ್ಡಮ್ಮಾ, ಅಣ್ಣ ಬರ್ತಾನೆ ಅಂತ ನಿಜವಾಗ್ಲೂ ನಂಬಿದ್ದೀಯಾ?”

ಅವಳು ಸೊಪ್ಪು ಹೆಚ್ಚುವುದನ್ನು ನಿಲ್ಲಿಸಲಿಲ್ಲ. “ಇಲ್ಲ ಕಣೇ. ನಂಬ್ಕೆ ಇದ್ದಿದ್ರೆ ಆವತ್ತೇ ಆಮೆನ್ ಅಂದು ನೆಮ್ಮದಿಯಾಗಿ ಮಲಗ್ತಿದ್ದೆ. ಇಲ್ದೇ ಇರೋದಕ್ಕೇ ಬಾಗ್ಲು ಹಾಕ್ದೆ ಕೂತಿದ್ದೀನಿ.”

ಆಮೇಲೆ ನಾನು ಆಮೆ ಎಂದು ರೇಗಿಸುವುದನ್ನು ಬಿಟ್ಟೆ.

ಕೊನೆಗೆ ಅವಳೇ ಚಿಕ್ಕಬಳ್ಳಾಪುರದ ಆಸ್ಪತ್ರೆ ಸೇರಿದಳು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು ಮಗನಿಗಾಗಿ ಪ್ರಾರ್ಥಿಸಿದಳು. “ಆಮೆ...” ಅಂದಳು. ತುಟಿ ಇನ್ನೂ ತೆರೆದೇ ಇತ್ತು. ಎಲ್ಲಿ ‘ನ್’ ಅಂದುಬಿಡುತ್ತಾಳೋ ಎಂದು ಅವಳ ಬಾಯನ್ನೇ ನೋಡುತ್ತಿದ್ದೆ. ಅವಳು ನನ್ನ ಕಡೆ ತಿರುಗಿದಳು.

“ಮಿಕ್ಕಿದ್ದು ನೀನಿಟ್ಕೊಳ್ಳೇ. ಅವ್ನು ಬಂದಾಗ ಅಂದ್ಬಿಡು.”

ಎರಡು ದಿನದ ಮೇಲೆ ಅವಳನ್ನು ಮಣ್ಣು ಮಾಡಿದೆವು. ಪಾದ್ರಿಗಳು ಪ್ರಾರ್ಥಿಸಿದರು, ಜನರೆಲ್ಲ ‘ಆಮೆನ್’ ಅಂದರು. ನಾನು ‘ಆಮೆ’ ಅಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅಳು ತಡೆಯಲು ಅಂತ ಎಲ್ಲರೂ ಅಂದುಕೊಂಡರು.

ಅಣ್ಣಾ, ನಿನ್ನದೊಂದು ‘ನ್’ ಇನ್ನೂ ನನ್ನ ಹತ್ತಿರವೇ ಇದೆ. ನೀನು ಬರುತ್ತೀಯೆಂಬ ನಂಬಿಕೆ ನನಗೂ ಇಲ್ಲ ಕಣೋ. ಅದಕ್ಕೇ ಇಟ್ಟುಕೊಂಡಿದ್ದೇನೆ.