ಕಾಕಾರ ಕಾಲಿಗೆ ಬಲ ಬಂದದ್ದು

ದಾಂಡೇಲಿಯ ನಮ್ಮ ದವಾಖಾನೆಯಲ್ಲಿ ಸಕ್ಕರೆ ಕಾಯಿಲೆಯವರನ್ನು ನೋಡುವ ದಿನ, ನರ್ಸಾದ ನಾನು ನಗದೆ ಮನೆಗೆ ಹೋದದ್ದೇ ಕಡಿಮೆ. ಅದರಲ್ಲೂ ಅಂಬೇವಾಡಿಯ ಕಾಕಾ, ಕಾಕು ಬಂದರೆ ಮುಗಿಯಿತು. ಕಾಕಾ ಪೇಪರ್ ಮಿಲ್ಲಿನಿಂದ ರಿಟೈರ್ ಆದವರು, ಮೂಲ ಬೆಳಗಾವಿ ಕಡೆ. ಸಕ್ಕರೆ ಅವರಿಗೆ, ಅದರ ಚಿಂತೆ ಅವರ ಹೆಂಡತಿ ಕಾಕುವಿಗೆ.

ತೂಕ

"ನೋಡ್ರಿ ಅಕ್ಕಾರ, ರಿಟೈರ್ ಆದಾಗ ಎಷ್ಟಿತ್ತೋ ಅಷ್ಟ ಐತಿ," ಎಂದು ಕಾಕಾ ತೂಕದ ಕಾಟಾದ ಮೇಲೆ ನಿಂತು ಬೀಗಿದರು.

ತೂಕವೇನೋ ಅಷ್ಟೇ ಇತ್ತು. ಆದರೆ ಪ್ಯಾಂಟು ಸೊಂಟಕ್ಕೆ ಬಿಗಿ, ತೊಡೆಗೆ ಜೋಲು. ವಯಸ್ಸಿನ ಜೊತೆ ಸಕ್ಕರೆಯೂ ಸೇರಿದರೆ ಹೀಗೇ. ಕಾಲಿನ ಮಾಂಸಖಂಡ ಸದ್ದಿಲ್ಲದೆ ಕರಗುತ್ತದೆ, ಹೊಟ್ಟೆಯಲ್ಲಿ ಕೊಬ್ಬು ಬಂದು ಕೂರುತ್ತದೆ. ಅದನ್ನೇ ಬಿಡಿಸಿ ಹೇಳಿದೆ.

ಕಾಕಾ ಹೊಟ್ಟೆ ಸವರಿಕೊಂಡು, "ಮಿಲ್ಲಿನ್ಯಾಗೂ ಹಿಂಗ ಜಾಗಾ ಬದಲಿ ಮಾಡತಿದ್ರು. ಕೆಲಸದಿಂದ ತೆಗದಿಲ್ಲಲ್ಲ, ಸಾಕು ಬಿಡ್ರಿ," ಅಂದರು.

ಕುರ್ಚಿ

ಡಾಕ್ಟರು ಕಾಕಾರನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಊರದೆ ಏಳಲು ಹೇಳಿದರು. ಕಾಕಾ ಎದೆಯ ಮೇಲೆ ಕೈ ಕಟ್ಟಿದರು, ಮುಂದೆ ಬಾಗಿದರು, ಉಸಿರು ಬಿಗಿಹಿಡಿದರು. ಏಳಲಾಗಲಿಲ್ಲ. ಕಾಕು ರೂಢಿಯಂತೆ ರಟ್ಟೆ ಹಿಡಿದು ಜಗ್ಗಿದರು. ಕಾಕಾ ಎದ್ದು ನಿಂತು, "ಪಾಸ್ ಆದ್ನೇನ್ರಿ?" ಎಂದರು.

"ಪಾಸ್ ಆದವರು ಕಾಕು," ಎಂದರು ಡಾಕ್ಟರು.

ಎಲ್ಲರೂ ನಕ್ಕರು, ಕಾಕು ನಗಲಿಲ್ಲ. ಆಷಾಢದಲ್ಲಿ ಓಣಿಯವರು ಭಜನೆಯ ದಿಂಡಿ ಕಟ್ಟಿಕೊಂಡು ಪಂಢರಪುರಕ್ಕೆ ನಡೆದು ಹೋಗುವಾಗ, ಬಾಗಿಲಲ್ಲಿ ನಿಂತು ಕೈ ಮುಗಿಯುವುದಷ್ಟೇ ಕಾಕುವಿನ ಪಾಲಿಗೆ ಬಂದಿತ್ತು. "ನಾ ಹೋದ್ರ ಇವರನ್ನ ಮಂಚದಿಂದ ಎಬ್ಬಿಸವ್ರು ಯಾರ್ರಿ? ಇವರ ಕಾಲೊಂದು ಗಟ್ಟಿ ಮಾಡಿ ಕೊಡ್ರಿ, ಈ ವರ್ಷ ಹೋಗಿ ಬರತೇನಿ," ಎಂದರು.

"ನನ್ನ ಎದುರಿಗೇನ ನನ್ನ ರಿಪೇರಿಗೆ ಕೊಡಾಕತ್ತಾಳ ನೋಡ್ರಿ," ಎಂದರು ಕಾಕಾ.

ಚುರುಮುರಿ

ಏನು ಉಣ್ಣುತ್ತೀರಿ ಎಂದು ಕೇಳಿದಾಗ ಗೊತ್ತಾಯಿತು, ಕಾಕಾ ರೊಟ್ಟಿ, ಪಲ್ಯ, ಬ್ಯಾಳಿ ಎಲ್ಲ ಬಿಟ್ಟು ಎರಡು ಹೊತ್ತೂ ಚುರುಮುರಿ ತಿನ್ನುತ್ತಿದ್ದರು.

"ಯಾಕ್ರಿ ಕಾಕಾ?"

"ಚುರುಮುರಿಗೆ ತೂಕಾನ ಇರೂದಿಲ್ಲ. ತಿಂದ್ರ ಮೈಯಾಗ ಏನ ಏರತೈತ್ರಿ?"

ಅದೂ ಅಕ್ಕಿಯದೇ, ಸಕ್ಕರೆ ಏರುತ್ತದೆ ಎಂದು ತಿಳಿಹೇಳಿದೆ. ತುಳಸಿಮಾಲೆಯ ಮನೆ, ಮೊಟ್ಟೆ ತಿನ್ನಿ ಎನ್ನುವಂತಿಲ್ಲ. ಕಾಲಿಗೆ ಮಾಂಸ ಬರಲು ಹೆಸರುಕಾಳು, ಮಡಕಿಕಾಳು, ಮೊಸರು ತಿನ್ನಿ ಎಂದು ಡಾಕ್ಟರು ಹೇಳಿದರು. ಕಾಕು ತಪ್ಪದೆ ಬೇಯಿಸಿ ಹಾಕಿದರು.

ಮುಂದಿನ ಸಲ ಕಾಕಾ ದೂರು ತಂದರು. "ಎತ್ತಿಗೂ ಇಷ್ಟು ಕಾಳು ಹಾಕೂದಿಲ್ರಿ."

"ಎತ್ತಿಗೆ ಬೇಕಾಗಿಲ್ಲ," ಎಂದರು ಕಾಕು. "ಅದು ಹುರ್ರ್ ಅಂದ್ರ ತಾನ ಏಳತೈತಿ."

ಭೋಂಗಾ

ದಿನಾ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಕೊಟ್ಟೆವು. ಯಾವ ಹೊತ್ತಿಗೆ ಮಾಡಬೇಕೆಂದು ಹೇಳಿರಲಿಲ್ಲ. ಕಾಕಾ ತಾವೇ ಗೊತ್ತುಮಾಡಿಕೊಂಡರು: ಮಿಲ್ಲಿನಲ್ಲಿ ಪಾಳಿ ಬದಲಾಗುವ ಭೋಂಗಾ ಕೂಗಿದಾಗ. ಭೋಂಗಾ ಕೂಗಿತೆಂದರೆ ಉಣ್ಣುವ ತಾಟು ಸರಿಸಿ, ಮನೆಗೆ ಬಂದ ಬೀಗರನ್ನೂ ಎಬ್ಬಿಸಿ, ಅದೇ ಕುರ್ಚಿಯಲ್ಲಿ ಶುರು.

"ಮಿಲ್ಲಿನ್ಯಾಗ ಹಿಂಗ ದುಡದಿದ್ರ ಮ್ಯಾನೇಜರ್ ಆಗತಿದ್ರು," ಎಂದರು ಕಾಕು.

ದಿಂಡಿ

ಆಷಾಢದ ಹೊತ್ತಿಗೆ ಕಾಕಾ ನಮ್ಮೆದುರು ಕೈ ಊರದೆ ಎದ್ದು ನಿಂತರು. ಕಾಕುವಿನ ಕಣ್ಣು ತುಂಬಿತು. ನನಗೂ ತಡೆಯಲಾಗಲಿಲ್ಲ. ಕಾಕಾರ ಊಟಕ್ಕೆ ಪಕ್ಕದ ಮನೆಯವರಿಗೆ ಹೇಳಿ, ಕಾಕು ದಿಂಡಿಯ ಜೊತೆ ಹೊರಟರು.

ತಿರುಗಿ ಬಂದ ಮೇಲೆ ಇಬ್ಬರೂ ದವಾಖಾನೆಗೆ ಬಂದರು. ಕಾಕು ಮುಖ ಗಂಟು ಹಾಕಿಕೊಂಡಿದ್ದರು. ಹಿಂದೆ ಕಾಕಾ, ಬಿಸಿಲಿಗೆ ಕರ್ರಗಾಗಿ, ನಗುತ್ತ ನಿಂತಿದ್ದರು.

"ಯಾಕ್ರಿ ಕಾಕು, ದರ್ಶನ ಆಗಲಿಲ್ಲೇನು?"

"ದರ್ಶನ ಆತ್ರಿ. ಹಳಿಯಾಳ ರಸ್ತೆ ತನಕ ಬಿಟ್ಟು ಬರತೇನಿ ಅಂತ ಬಂದ ಈ ಮನಷಾ ಹೊಳ್ಳಿ ಹೋಗಲೇ ಇಲ್ಲ. ನೋಡಿದ್ರ, ಗುಳಗಿ ಎಲ್ಲಾ ಮೊದಲ ಕಿಸೆದಾಗ ತುಂಬಿಕೊಂಡು ಬಂದಾರ."

ಗಾಬರಿಯಾಗಿ ಕಾಕಾರ ಅಂಗಾಲು ನೋಡಿದೆ. ಪುಣ್ಯಕ್ಕೆ ಒಂದು ಬೊಕ್ಕೆಯೂ ಇರಲಿಲ್ಲ. "ಜೋಡೀಲೆ ಹೋಗಿ ಬಂದ್ರಿ, ಚಲೋ ಆತಲ್ರಿ?" ಎಂದೆ.

"ಏನ ಚಲೋ, ಅಕ್ಕಾರ?" ಎಂದರು ಕಾಕು. "ಮದುವಿ ಆದಾಗಿಂದ ಒಮ್ಮಿಯಾದ್ರೂ ಇವರಿಂದ ನಾಕ ದಿನ ಸೂಟಿ ಸಿಗಲಿ ಅಂತ ಕಾಲು ಗಟ್ಟಿ ಮಾಡಿಸಿದೆ. ಅದ ಕಾಲಿಲೆ ನನ್ನ ಬೆನ್ನ ಹತ್ತಿದ್ರು."