ಪುಷ್ಪಕ್ಕನ ಹೆಸರಿಗೆ ಬಿದ್ದ ಸವಾಲು

ಗಜೇಂದ್ರಗಡದ ಕಿರಾಣಿ ಅಂಗಡಿ ರಾಯಣ್ಣನ ಹೆಂಡತಿಯ ಹೆಸರನ್ನು ಯಾರೋ ಕದ್ದಿದ್ದರು. ಹೆಂಡತಿಯನ್ನಲ್ಲ, ಬರೀ ಹೆಸರನ್ನು. (ಹೆಂಡತಿಯನ್ನೇ ಕದ್ದಿದ್ದರೆ ಕದ್ದವರೇ ಸಂಜೆಯೊಳಗೆ ತಂದು ಬಿಟ್ಟು ಕೈಮುಗಿದು ಹೋಗುತ್ತಿದ್ದರು ಎಂದು ಅವನು ಗೆಳೆಯರ ಮುಂದೆ ಹೇಳಿದ. ಮನೆಯಲ್ಲಿ ಹೇಳಲಿಲ್ಲ.)

ಅವನ ಹೆಂಡತಿ ಪುಷ್ಪಾವತಿ ಕುಟ್ಟುವ ಮಸಾಲೆ ಖಾರಕ್ಕೆ ರೋಣದಿಂದ ನರಗುಂದದವರೆಗೆ ಹೆಸರಿತ್ತು. ಜನ ಅಂಗಡಿಗೆ ಬಂದು, "ಪುಷ್ಪಕ್ಕನ ಖಾರ ಕೊಡ್ರಿ" ಎನ್ನುತ್ತಿದ್ದರೇ ಹೊರತು ತಕ್ಕಡಿ ಹಿಡಿದು ನಿಂತ ರಾಯಣ್ಣನ ಹೆಸರು ಕೇಳಿದವರಿಲ್ಲ. ಹೀಗಿರುವಾಗ, ನರಗುಂದದ ಮೆಣಸಿನಕಾಯಿ ವ್ಯಾಪಾರಿ ಮುರ್ತುಜಾಸಾಬರು ಒಂದು ದಿನ ಚೀಲ ಇಳಿಸುತ್ತಾ, "ರಾಯಣ್ಣ, 2008 ಬಂತು. ಈಗ ವೆಬ್‌ಸೈಟ್ ಮಾಡಿದವನ ಶಾಣ್ಯಾ. ದುಬೈದಾಗ ಕುಂತವರೂ ನಿನ್ನ ಖಾರ ತರಸ್ತಾರ" ಎಂದುಬಿಟ್ಟರು.

'ನಿನ್ನ ಖಾರ' ಎಂಬ ಮಾತು ರಾಯಣ್ಣನ ಕಿವಿಗೆ ಜೇನಿನಂತೆ ಇಳಿಯಿತು.

ಅಂದಿನಿಂದ ಕಟಿಂಗ್ ಅಂಗಡಿಯಲ್ಲಿ, ಚಹಾದ ಅಂಗಡಿಯಲ್ಲಿ, ಸಂತೆಯಲ್ಲಿ ಅವನದು ಒಂದೇ ಪುರಾಣ. "ಪುಷ್ಪಕ್ಕಖಾರ ಡಾಟ್ ಕಾಮ್ ಅಂತ ಹೆಸರು ಇಡಾಂವ ಅದೀನಿ. ಮಾಲೀಕ ನಾನ!" ಊರಿಗೆಲ್ಲ ಡಂಗುರ ಸಾರಿ ಮುಗಿದ ಮೇಲೆ, ಕೊನೆಗೊಮ್ಮೆ ಪುರುಸೊತ್ತು ಮಾಡಿಕೊಂಡು ಯಾಸ್ಮಿನಳ ನೆಟ್ ಸೆಂಟರಿಗೆ ಹೋದ. ಗದಗಿನಲ್ಲಿ ಕಂಪ್ಯೂಟರ್ ಕಲಿತು ಬಂದು ಬಸ್‌ಸ್ಟ್ಯಾಂಡ್ ಹತ್ತಿರ ಸೆಂಟರ್ ಹಾಕಿದ್ದ ಯಾಸ್ಮಿನ, ಅವನು ಹೇಳಿದ ಹೆಸರು ಒತ್ತಿ ನೋಡಿ, "ಅಣ್ಣಾರ, ಈ ಹೆಸರು ಆಗಲೇ ಯಾರೋ ತಗೊಂಡಾರ" ಎಂದಳು.

"ತಗೊಂಡಾರ ಅಂದ್ರ? ಆಕಿ ನನ್ನ ಹೇಣ್ತಿ!"

"ಖರೇರಿ. ಆದ್ರ ಇಂಟರ್‌ನೆಟ್‌ನ್ಯಾಗ ಮೊದಲು ಬಂದವರಿಗೆ ಹೆಸರು. ಈಗ ಆ ಹೆಸರನ್ನ ಮಾರಾಟದ ಬಜಾರಕ್ಕ ಹಚ್ಚ್ಯಾರ. ನೋಡ್ರಿ, 'ಬೇಕಾದವರು ಬೆಲಿ ಹೇಳ್ರಿ' ಅಂತ ಐತಿ."

"ಮಾಲೀಕ ಯಾರು?"

"ಅದು ಗುಪ್ತ ರೀ. ಮೇಲ್ ಬರೀಬಹುದು, ಹೆಸರು ಕೇಳೋ ಹಂಗಿಲ್ಲ."

ರಾಯಣ್ಣ ದನದ ಸಂತೆ ಕಂಡವನು. ಬೇಕೆಂಬುದನ್ನು ಮುಖದಲ್ಲಿ ತೋರಿಸದೆ ಚೌಕಾಸಿ ಮಾಡುವುದರಲ್ಲಿ ಎತ್ತಿದ ಕೈ. ಆದರೆ ಇಲ್ಲಿ ಮುಖವೇ ಇರಲಿಲ್ಲ. ಹಲ್ಲು ಹಿಡಿದು ನೋಡಲು ಎತ್ತಿಲ್ಲ, ಟವೆಲ್ಲಿನ ಕೆಳಗೆ ಬೆರಳು ಮುಟ್ಟಿ ಬೆಲೆ ಕುದುರಿಸಲು ದಲ್ಲಾಳಿಯಿಲ್ಲ. ಅವನು ಒಂದು ಸಣ್ಣ ಬೆಲೆ ಹೇಳಿದ. ಮರುದಿನ, 'ಸಾಲದು' ಎಂದು ಉತ್ತರ ಬಂತು. ಏರಿಸಿದ. 'ಸಾಲದು.' ಸಿಟ್ಟಿನ ಭರದಲ್ಲಿ, ಸೆಕೆಂಡ್‌ಹ್ಯಾಂಡ್ ಸ್ಕೂಟರಿಗೆಂದು ಹೆಂಡತಿಯ ಕಣ್ಣು ತಪ್ಪಿಸಿ ಕೂಡಿಟ್ಟ ದುಡ್ಡನ್ನೆಲ್ಲ ಹೇಳಿಬಿಟ್ಟ. ಈ ಸಲ ಉತ್ತರ ಬೇರೆ ತರಹ ಬಂತು: 'ಬೆಲೆ ಆಯಿತು. ಆದರೆ ಖಾರ ನಿಮ್ಮದೇ ಅನ್ನುವುದಕ್ಕೆ ಏನು ಪುರಾವೆ?'

ರಾಯಣ್ಣನ ಮೀಸೆ ನೆಟ್ಟಗಾಯಿತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತುವುದನ್ನು ಅಷ್ಟೊತ್ತಿಗೆ ಕಲಿತಿದ್ದ ಅವನು, ತಾನೇ ಕುಳಿತು ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದ: 'ಖಾರ ನನ್ನದು. ನನ್ನ ಹೆಂಡತಿ ನನ್ನ ಹುಕುಮಿನಂತೆ ಕುಟ್ಟುತ್ತಾಳೆ, ಅಷ್ಟೆ.'

ಇಂಗ್ಲಿಷ್ ಅಕ್ಷರಗಳಿಗೆ ನಮ್ಮ ದೀರ್ಘದ ಹಂಗಿಲ್ಲ. ಉತ್ತರ ಬಂತು: 'ನೀವು ಬರೆದದ್ದು ಇಲ್ಲಿ "ಖರ ನನ್ನದು" ಎಂದು ಓದಲು ಬರುತ್ತದೆ. ಖರ ಎಂದರೆ ಕತ್ತೆ. ಕತ್ತೆ ನಿಮ್ಮದೆಂದು ಒಪ್ಪಿದೆ. ಖಾರದ ಮಾತು ಹೇಳಿ. ಹೇಗೆ ಮಾಡುತ್ತೀರಿ?'

ಯಾಸ್ಮಿನಳಿಗೆ ಅದೇ ಹೊತ್ತಿಗೆ ವಿಪರೀತ ಕೆಮ್ಮು ಬಂತು, ಎದ್ದು ಹೊರಗೆ ಹೋದಳು.

ರಾಯಣ್ಣ ಮನೆಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತ. ಮದುವೆಯಾದಾಗಿನಿಂದ ಅವನು ಅಲ್ಲಿ ಕುಳಿತದ್ದು ಊಟಕ್ಕೆ ತಡವಾದಾಗ ಮಾತ್ರ.

"ಅಲ್ಲೇ, ಖಾರಕ್ಕ ಕೊತ್ತಂಬರಿ ಬೀಜ ಎಷ್ಟು ಹಾಕ್ತಿ?"

"ಸಾಕಾಗುವಷ್ಟು" ಎಂದಳು ಪುಷ್ಪಾವತಿ, ರೊಟ್ಟಿ ಬಡಿಯುತ್ತಾ.

"ಕೊಬ್ಬರಿ?"

"ಬೇಕಾಗುವಷ್ಟು."

"ಎಷ್ಟೊತ್ತು ಹುರೀತಿ?"

"ವಾಸನಿ ಬರೂತನಾ. ಏನ್ರಿ, ಇವತ್ತ ಏನು ಬಂದೈತಿ ನಿಮಗ? ಜ್ವರ ಗಿರ ಬಂದಾವೇನು? ದವಾಖಾನಿಗೆ ಹೋಗೂಣ?"

"ಗಂಡಸು ಆದಾಂವ ಒಂದು ಮಾತು ಕೇಳಬಾರದಾ?"

"ಕೇಳ್ರಿ. ಆದ್ರ ಕೇಳಿದ ಮ್ಯಾಲೆ ಹುರೀಬೇಕಾಗತೈತಿ ನೋಡ್ರಿ" ಎಂದು ಅವಳು ಸವಟು ಅವನ ಕೈಗಿಟ್ಟು ಒಲೆಯ ಮುಂದೆ ಕೂರಿಸಿದಳು.

ರಾಯಣ್ಣ ಮೆಣಸಿನಕಾಯಿ ಹುರಿದ. ಕಣ್ಣಿನಿಂದ ಮಲಪ್ರಭೆ ಹರಿಯಿತು, ಮೂಗಿನಿಂದ ಅದರ ಉಪನದಿ. ಸೀನಿದ ರಭಸಕ್ಕೆ ಕೊತ್ತಂಬರಿ ಬೀಜ ದೇವರ ಜಗುಲಿಯವರೆಗೆ ಹಾರಿತು. ಇಷ್ಟು ವರ್ಷ ಇವಳು ಈ ಹೊಗೆಯಲ್ಲಿ ಹೇಗೆ ಕುಳಿತಳಪ್ಪ ಎಂದು ಒಂದು ಗಳಿಗೆ ಮನಸ್ಸು ಕರಗಿತು. ಆದರೆ ಬಾಯಿ ಬಿಟ್ಟರೆ ಘಾಟು ಒಳಗೆ ಹೋಗುವ ಭಯಕ್ಕೆ ಹೇಳಲಿಲ್ಲ. ಆ ಖಾರ ಕರ್ರಗಾಗಿ, ಎಮ್ಮೆಯೂ ಮೂಸದ ಹಾಗಾಯಿತು. ಪುಷ್ಪಾವತಿ ಬೈಯಲಿಲ್ಲ. "ಮೊದಲನೇ ಸಲ ನಂದೂ ಹಿಂಗ ಆಗಿತ್ತು" ಎಂದು ಅವನ ಕಣ್ಣಿಗೆ ತಣ್ಣೀರು ಬಟ್ಟೆ ಇಟ್ಟಳು.

ವಿಧಾನ ಬರೆಯಲು ಬಾರದೆ ರಾಯಣ್ಣ ಆ ಹೆಸರಿನ ಮಾಲೀಕನಿಗೆ ಬೇರೆ ದಾರಿ ಸೂಚಿಸಿದ: 'ಬಾಯಿಮಾತು ಬೇಡ. ನಾನೇ ಮಾಡಿದ ಖಾರ ಒಂದು ಡಬ್ಬಿ ಕಳಿಸುತ್ತೇನೆ. ರುಚಿ ನೋಡಿ ಹೇಳಿ.' ಒಪ್ಪಿಗೆ ಬಂತು. ಡಬ್ಬಿಯನ್ನು ಯಾಸ್ಮಿನಳ ಹತ್ತಿರ ಬಿಟ್ಟರೆ ಸಾಕು, ಮುಂದಕ್ಕೆ ಮುಟ್ಟುತ್ತದೆ ಎಂದಿತ್ತು.

ತಾನು ಮಾಡಿದ್ದನ್ನು ಕಳಿಸುವಷ್ಟು ಹುಚ್ಚು ಅವನಿಗಿರಲಿಲ್ಲ. ಹೆಂಡತಿ ನೀರಿಗೆ ಹೋದ ಹೊತ್ತು ನೋಡಿ, ಅಡುಗೆಮನೆಯ ಮಾಡದಲ್ಲಿದ್ದ ಅವಳ ಖಾರದ ಹಿತ್ತಾಳೆ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಓಡಿದ.

ಮರುದಿನ ಉತ್ತರ ಬಂದಿದೆ ಎಂದು ಯಾಸ್ಮಿನ ಹೇಳಿಕಳಿಸಿದಳು. ಗೆದ್ದೆನೆಂಬ ಹುಮ್ಮಸ್ಸಿನಲ್ಲಿ ರಾಯಣ್ಣ ಚಹಾದ ಅಂಗಡಿಯಲ್ಲಿದ್ದ ಮುರ್ತುಜಾಸಾಬರನ್ನೂ ಜೊತೆಗೆ ಎಳೆದುಕೊಂಡು ಹೋಗಿ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದತೊಡಗಿದ:

"ಡಬ್ಬಿ ಮುಟ್ಟಿತು. ಖಾರ ಭಾಳ ಚಲೋ ಐತಿ. ಇರದ ಏನ್ಮಾಡೀತು? ನಿನ್ನಿಯಿಂದ ಆ ಡಬ್ಬಿ ಹುಡುಕಿ ಹುಡುಕಿ ನನ್ನ ಸೊಂಟ ಬಿದ್ದು ಹೋತು. ಸಾರಿಗೆ ಖಾರ ಇಲ್ಲ, ಬರೋವಾಗ ತಗೊಂಡು ಬರ್ರಿ. ಇಂತಿ, ಪುಷ್ಪಾವತಿ."

ಮುರ್ತುಜಾಸಾಬರು ನಕ್ಕ ನಗೆಗೆ ನೆಟ್ ಸೆಂಟರಿನ ಫ್ಯಾನಿನ ಸದ್ದೂ ಕೇಳಿಸಲಿಲ್ಲ.

ಡಬ್ಬಿ ಹಿಡಿದು ಮನೆಗೆ ಬಂದ ರಾಯಣ್ಣ ಸಿಡುಕಿದ. "ಕಟ್ಟಿಕೊಂಡ ಗಂಡನ ಜೋಡಿ ಕೋರ್ಟು ಕಚೇರಿ ನಡಸ್ತೀಯಾ? ಹೆಸರು ಯಾಕ ತಗೊಂಡಿ?"

"ನೀವು ಊರಾಗೆಲ್ಲ ಹೇಳ್ಕೋತ ಹೊಂಟಿದ್ರಿ. ಹಿಂಗ ಬಿಟ್ಟರ ಯಾರರ ಹಾರಸ್ಕೊಂಡು ಹೋಗ್ತಾರ ಅಂದ್ಲು ಯಾಸ್ಮಿನ. ಆಕಿ ಕಡೆ ಹೇಳಿ ತಗೊಂಡೆ. ಮೇಲ್ ಬರದಾಕೀನೂ ಆಕೀನ, ಕಡೀದೊಂದು ಬಿಟ್ಟು. ಅದು ನನ್ನ ಮಾತು."

"ಹಂಗಾದ್ರ ಮಾರೋ ಬಜಾರಕ್ಕ ಯಾಕ ಹಚ್ಚಿದಿ?"

"ನನ್ನ ಹೆಸರಿಗೆ ಯಾರು ಎಷ್ಟು ಬೆಲಿ ಕಟ್ತಾರ ನೋಡೂಣು ಅಂತ." ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನೀವೊಬ್ಬರ ಬಂದ್ರಿ."

ರಾಯಣ್ಣ ಕೈಯಲ್ಲಿದ್ದ ಡಬ್ಬಿಯನ್ನು ಮಾಡದಲ್ಲಿಟ್ಟ. ಅವಳೇ ಮೆಲ್ಲಗೆ ಅಂದಳು: "ಅದೂ ಸ್ಕೂಟರಿನ ರೊಕ್ಕ ಪೂರಾ. ಮದುವಿ ಆದಾಗಿಂದ ನನಗ ಇಷ್ಟು ಬೆಲಿ ಕಟ್ಟಿದ್ದು ಇದ ಮೊದಲು ನೋಡ್ರಿ."

"ಸ್ಕೂಟರಿನ ರೊಕ್ಕ ನಿನಗ ಹ್ಯಾಂಗ ಗೊತ್ತು?"

"ಗೋಧಿ ಡಬ್ಬಿಯಾಗ ಇಟ್ಟರ ಗೋಧಿ ಬೀಸಾಕೀಗೆ ಗೊತ್ತಾಗೂದಿಲ್ಲೇನ್ರಿ? ಇರಲಿ. ಹೇಳಿದ ಬೆಲಿ ಹೇಳಿದ್ದ. ಬಜಾರದ ನಿಯಮ. ಕೊಟ್ಟಬಿಡ್ರಿ."

ಕೊಟ್ಟ. ಕೊಡದೆ ಎಲ್ಲಿಗೆ ಹೋಗುತ್ತಾನೆ? ಆ ದುಡ್ಡಿನಲ್ಲಿಯೇ ಯಾಸ್ಮಿನ ವೆಬ್‌ಸೈಟ್ ಮಾಡಿದಳು. ತೆರೆದ ದಿನ ಎಲ್ಲರೂ ಕಂಪ್ಯೂಟರಿನ ಮುಂದೆ ನೆರೆದರು. ತೆರೆಯ ತುಂಬ ಇಳಕಲ್ ಸೀರೆಯುಟ್ಟ ಪುಷ್ಪಾವತಿ ನಗುತ್ತಿದ್ದಳು. ಕೆಳಗೆ 'ಮಾಲೀಕರು: ಪುಷ್ಪಾವತಿ'. ರಾಯಣ್ಣ ತನ್ನನ್ನು ಹುಡುಕಿದ. ಫೋಟೋದ ಅಂಚಿನಲ್ಲಿ, ಮೆಣಸಿನಕಾಯಿ ತುಂಬಿದ ಪರಾತ ಹಿಡಿದ ಎರಡು ಕೈ ಮಾತ್ರ ಕಂಡವು. ಉಳಿದ ರಾಯಣ್ಣ ಚೌಕಟ್ಟಿನ ಹೊರಗಿದ್ದ.

ಮುರ್ತುಜಾಸಾಬರು ಕನ್ನಡಕ ಸರಿಮಾಡಿಕೊಂಡು ಹತ್ತಿರದಿಂದ ನೋಡಿದರು. "ಪುಷ್ಪಕ್ಕಾ, ಈ ಪರಾತ ಹಿಡದಾಂವ ಯಾರು? ಆಳು ಗಟ್ಟಿ ಅದಾನ."

ಪುಷ್ಪಾವತಿ ಗಂಡನ ಕಡೆ ನೋಡಿದಳು. ರಾಯಣ್ಣ ಗಂಟಲು ಸರಿಪಡಿಸಿಕೊಂಡ.

"ಹೌದ್ರಿ ಸಾಬ್ರ, ಗಟ್ಟಿ ಅದಾನ" ಎಂದ. "ಪಗಾರ ಕೇಳೂದಿಲ್ಲ, ತಾನ ಕೊಟ್ಟು ದುಡೀತಾನ."